ಹೊಳೆಗಿಳಿದ ಕಾರಿನ ಎಂಜಿನ್

"ಥೂ..."

ಮಧುಮತಿಯ ಬಾಯಿಂದ ಬಂದ ಮೊದಲ ಮಾತೇ ಅದು. ಜಮಖಂಡಿಯ ಆ ಗ್ಯಾರೇಜಿನ ಬಾಗಿಲಲ್ಲಿ ಅವಳು ಓಢಣಿಯಿಂದ ಮೂಗು ಮುಚ್ಚಿಕೊಂಡು ನಿಂತಿದ್ದಳು. ಗೋಡೆಯ ತುಂಬ ಬಂದುಹೋದವರು ಉಗುಳಿದ ಗುಟ್ಕಾ ಕಲೆ. ಚಪ್ಪಲಿಗೆ ಅಂಟುವ ಕರಿ ಎಣ್ಣೆ. ಕುಡಿದಿಟ್ಟ ಚಹಾದ ಕಪ್ಪಿನಲ್ಲಿ ಸತ್ತು ತೇಲುವ ನೊಣ.

ಈ ಕೊಳಕಿನ ನಡುವೆ, ಒಂದು ಗೋಣಿಚೀಲದ ಮೇಲೆ, ಅವಳ ಹೊಚ್ಚ ಹೊಸ ಎಂಜಿನ್ ಬಿಚ್ಚಿ ಬಿದ್ದಿತ್ತು!

ಕಟ್ಟಿಗೆಯ ಪೆಟ್ಟಿಗೆಯಲ್ಲಿ ಪುಣೆಯಿಂದ ಬಂದ ಕಾರಿನ ಎಂಜಿನ್ ಅದು. ಅದನ್ನು ಗಲಗಲಿಯಲ್ಲಿರುವ ತನ್ನ ದೋಣಿಗೆ ಕೂರಿಸಿಕೊಡಿ ಎಂದು ಕಳಿಸಿದ್ದಳೇ ಹೊರತು, ಹೀಗೆ ಕರುಳು ಕಿತ್ತು ಹರವಿ ಎಂದಲ್ಲ.

"ಇದರಾಗಿಂದ ಏನೇನ ಮಾರಿದ್ರಿ?" ಎಂದು ಕೇಳಿಯೇ ಬಿಟ್ಟಳು.

ಎಂಜಿನ್ನಿನ ಹಿಂದಿನಿಂದ ಒಂದು ಮುಖ ಮೇಲೆದ್ದಿತು. ಗಡ್ಡಕ್ಕೆ ಗ್ರೀಸು, ಮೈಗೆ ಬೆವರಿನ ವಾಸನೆ. ಅವನೇ ಮಂದಾರ, ಗ್ಯಾರೇಜಿನ ಮಾಲಕ. ಸಿಟ್ಟು ಮಾಡಲಿಲ್ಲ. ಕಾರಿನ ಸ್ಟಾರ್ಟರ್ ಕೈಯಲ್ಲಿ ಹಿಡಿದು, ಇದು ದೋಣಿಗೆ ನಡೆಯುವುದಿಲ್ಲ ಎಂದು ವಿವರಿಸಿದ. ಕಾರಿನಲ್ಲಾದರೆ ಪೆಟ್ರೋಲಿನ ಆವಿ ಕೆಳಗೆ ರಸ್ತೆಗಿಳಿದು ಹೋಗುತ್ತದೆ, ದೋಣಿಯಲ್ಲಿ ತಳದಲ್ಲೇ ನಿಲ್ಲುತ್ತದೆ. ಒಂದು ಕಿಡಿ ಸಾಕು. ಅದಕ್ಕೇ ಕಿಡಿ ಹೊರಬೀಳದ ಸ್ಟಾರ್ಟರ್ ಬೇಕು, ಹೊಗೆ ಕೊಳವೆಯ ಸುತ್ತ ಹೊಳೆಯ ನೀರು ಹರಿಯಬೇಕು, ಆ ನೀರು ಎಳೆಯಲು ಬೇರೆ ಪಂಪು ಬೇಕು.

ಎಲ್ಲ ಅರ್ಥವಾಯಿತು. ಆದರೂ ಅವಳಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಇಷ್ಟು ಹೊಲಸಾಗಿರುವವನ ಮನಸ್ಸು ಮಾತ್ರ ಸ್ವಚ್ಛ ಇರುತ್ತದೆಯೇ?

ಎಂಜಿನ್ ಬೇಗ ಕೂರಬೇಕೆಂಬ ಅವಳ ಅವಸರಕ್ಕೆ ಕಾರಣವಿತ್ತು. ಹೋದ ವರ್ಷ ಕೃಷ್ಣೆ ಏರಿದಾಗ, ಗಲಗಲಿಯ ಆಚೆಯ ನಡುಗಡ್ಡೆಯಲ್ಲಿ ಕಸ್ತೂರೆವ್ವನ ಗಂಡನಿಗೆ ಹಾವು ಕಚ್ಚಿತ್ತು. ದೋಣಿ ತೆಗೆದುಕೊಂಡು ಹೊರಟವಳು ಮಧುಮತಿಯೇ. ಅದರ ಸಣ್ಣ ಎಂಜಿನ್ ಆ ಸೆಳವಿಗೆ ತಡೆಯಲಿಲ್ಲ. ಅವಳು ಮುಟ್ಟುವ ಹೊತ್ತಿಗೆ ಆತ ತಣ್ಣಗಾಗಿದ್ದ. ಕಸ್ತೂರೆವ್ವ ಇವತ್ತಿಗೂ ಮಕ್ಕಳೊಂದಿಗೆ ಅದೇ ನಡುಗಡ್ಡೆಯಲ್ಲಿದ್ದಾಳೆ. ಪರೀಕ್ಷೆಯಲ್ಲಿ ಪಾಸಾದ ದೋಣಿಗೆ ಮಾತ್ರ ಪ್ರವಾಹದಲ್ಲಿ ಇಳಿಯಲು ಪರವಾನಗಿ ಎಂದು ತಹಶೀಲ್ದಾರರು ಹೇಳಿಬಿಟ್ಟಿದ್ದರು. ಮಳೆಗಾಲ ಹತ್ತಿರವಾಗಿತ್ತು. ಮಳೆ ಯಾರಪ್ಪನ ಮನೆಯ ಆಳು, ಕಾಯಲು?

ಕೆಲಸ ನೋಡುವ ನೆಪದಲ್ಲಿ ಅವಳು ಆಗಾಗ ಜಮಖಂಡಿಗೆ ಹೋದಳು. ಮೊದಮೊದಲು ಕಾವಲು ಕಾಯುವವಳಂತೆ ಕೂತಳು. ಆಮೇಲೆ ನಟ್ಟು ಬಿಚ್ಚುವ ಪಾನಾ ಎತ್ತಿಕೊಟ್ಟಳು. ಒಂದು ದಿನ ನೋಡಿದರೆ ಗೋಡೆಗೆ ಹೊಸ ಸುಣ್ಣ, ಅವಳಿಗೊಂದು ತೊಳೆದ ಖುರ್ಚಿ! ಬಸ್ಸಿನಲ್ಲಿ ಮರಳುವಾಗ ಅವಳ ಮುಖದಲ್ಲಿ ಸುಮ್ಮಸುಮ್ಮನೆ ನಗು ಬರುತ್ತಿತ್ತು...

ಛೇ, ಇವನಿಗಾಗಿ ನಗುವುದೇ? ಎಂದು ತನ್ನನ್ನೇ ಗದರಿಕೊಳ್ಳುತ್ತಿದ್ದಳು.

ಪರೀಕ್ಷೆಯ ದಿನ ಗಲಗಲಿಯ ದಂಡೆಯ ತುಂಬ ಜನ. ಹೊಸ ಎಂಜಿನ್ನಿನ ದೋಣಿ ನೀರಿಗಿಳಿಯುವಾಗ ಹೊಳೆಗೆ ಉಡಿ ತುಂಬದೆ ಬಿಡುವುದುಂಟೇ? ಮಂದಾರ ಮುಂಬದಿಯಲ್ಲಿ ತಹಶೀಲ್ದಾರರನ್ನು ಕೈಹಿಡಿದು ದೋಣಿ ಹತ್ತಿಸುತ್ತಿದ್ದ. ಮಧುಮತಿ ದೋಣಿಯ ಹಿಂಬದಿಯಲ್ಲಿ ಬಾಗಿ, ಕೈಮುಗಿದು, ಕುಬಸದ ಖಣ, ಚೆಂಡುಹೂವಿನ ಮಾಲೆ, ಅಕ್ಕಿ, ಅರಿಷಿಣ ಎಲ್ಲವನ್ನೂ ನೀರಿಗೆ ಬಿಟ್ಟಳು. ಆಮೇಲೆ ಕೀಲಿ ತಿರುಗಿಸಿದಳು.

ಎಂಜಿನ್ ಗರ್ಜಿಸಿತು. ದೋಣಿ ಮೂತಿ ಎತ್ತಿ ಹಾರಿತು. ದಂಡೆಯ ಮಂದಿ ಸಿಳ್ಳೆ ಹಾಕಿದರು.

ನಡುಹೊಳೆಯಲ್ಲಿ ಎಂಜಿನ್ನಿನ ಕಾವು ತೋರಿಸುವ ಮುಳ್ಳು ಸರ್ರನೆ ಏರಿತು. ರಬ್ಬರು ಸುಟ್ಟ ನಾತ ಬಂತು, ಹಿಂದೆಯೇ ಬಿಸಿ ಹಬೆ. ಮಂದಾರ ಹಾರಿ ಬಂದು ಎಂಜಿನ್ ಬಂದ್ ಮಾಡಿದ. ತಹಶೀಲ್ದಾರರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಅವರನ್ನು ಹುಟ್ಟು ಹಾಕಿ ದಂಡೆಗೆ ತರಬೇಕಾಯಿತು. ಹೆಣ್ಣುಮಗಳ ದೋಣಿ, ಇಷ್ಟೇ ಹಣೆಬರಹ ಎಂದು ಯಾರೋ ಹಲ್ಲು ಕಿಸಿದರು.

ಮಂದಾರ ನೀರಿನಲ್ಲಿ ತೇಲುವ ಹೂವಿನ ಎಸಳುಗಳನ್ನು ಒಂದು ಗಳಿಗೆ ನೋಡಿದ. ಏನೋ ಹೇಳಲು ಬಾಯಿ ತೆರೆದ. ಜನರ ಕಡೆ ನೋಡಿ ಸುಮ್ಮನಾದ. ಪಂಪು ಬಿಚ್ಚಿ ನೋಡುತ್ತೇನೆ ಎಂದಷ್ಟೇ ಹೇಳಿದ.

"ಮುಟ್ಟಬ್ಯಾಡ್ರಿ," ಎಂದಳು ಮಧುಮತಿ. "ಹೊಸಾ ಸಾಮಾನ ಮಾರಿ ಹಳೇವು ಹಾಕೀರಿ. ನಿಮ್ಮ ಮಾರಿ ನೋಡಿದ್ರ ಹೇಸಿಗಿ ಬರತೈತಿ ನನಗ. ಇಳೀರಿ ನನ್ನ ದೋಣಿಯಿಂದ."

ಅವನು ಇಳಿದ.

ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ. ತೊಳೆದ ಖುರ್ಚಿ ನೆನಪಾದರೂ ವಾಕರಿಕೆ ಬರುತ್ತಿತ್ತು. ನಂಬಿದೆನಲ್ಲ, ನಗುತ್ತಿದ್ದೆನಲ್ಲ!

ವಾರ ಕಳೆದು ಹೊಳೆಯ ಬಣ್ಣ ಕೆಂಪಾಯಿತು. ಮೇಲೆಲ್ಲೋ ಮಳೆ ಶುರುವಾಗಿತ್ತು. ಬೇರೆ ಮೆಕ್ಯಾನಿಕ್‌ಗಳು ಇದು ನಮಗೆ ತಿಳಿಯದ್ದು ಎಂದು ಕೈಚೆಲ್ಲಿಬಿಟ್ಟರು. ಕೊನೆಗೆ ಮಧುಮತಿಯೇ ಪಾನಾ ಹಿಡಿದು ದೋಣಿ ಹತ್ತಿದಳು. ಗ್ಯಾರೇಜಿನಲ್ಲಿ ಕೂತು ನೋಡಿದ್ದು ಎಲ್ಲಿ ಹೋಗುತ್ತದೆ? ನೀರು ಎಳೆಯುವ ಕೊಳವೆ ಬಿಚ್ಚಿದಳು.

ಹೆಣ ಕೊಳೆತಂಥ ನಾತ ಹೊಡೆಯಿತು. ಮುಖ ತಿರುಗಿಸಿ, ಉಸಿರು ಬಿಗಿಹಿಡಿದು ಬೆರಳು ಹಾಕಿದಳು. ಲೋಳೆಯಾದ ಚೆಂಡುಹೂವು ಬಂತು. ಅದರ ಹಿಂದೆ ಏನೋ ಬಟ್ಟೆ. ಎಳೆದಳು, ಎಳೆದಳು...

ಕೆಂಪಂಚಿನ ಖಣ. ತಾನೇ ಉಡಿ ತುಂಬಿದ ಖಣ!

ಪಂಪಿಗೆ ನೀರೆಳೆಯುವ ತಳದ ತೂತಿನ ಹತ್ತಿರವೇ ತೇಲಿಬಿಟ್ಟಿದ್ದಳಲ್ಲ, ಪಂಪು ಒಳಗೆಳೆದುಕೊಂಡಿತ್ತು. ನೀರು ಬರದೆ ಪಂಪಿನ ರಬ್ಬರು ಸುಟ್ಟಿತ್ತು. ಉಳಿದದ್ದೆಲ್ಲ ಹೊಸದೇ, ಒಂದು ಗೀರಿಲ್ಲದೆ ಹೊಳೆಯುತ್ತಿತ್ತು. ಕೈಯಿಂದ ಲೋಳೆ ಸೋರುತ್ತಿದ್ದರೂ ಅವಳಿಗೆ ಹೇಸಿಗೆಯಾದದ್ದು ಅದರ ಮೇಲಲ್ಲ, ತನ್ನ ನಾಲಿಗೆಯ ಮೇಲೆ.

ಅವತ್ತೇ ಜಮಖಂಡಿಗೆ ಓಡಿದಳು. ಒದ್ದೆ ಖಣವನ್ನು ಮಂದಾರನ ಮುಂದಿಟ್ಟು ತಲೆ ತಗ್ಗಿಸಿದಳು.

"ನಿಮಗ ಅವತ್ತ ಗೊತ್ತಾಗಿತ್ತು, ಹೌದಿಲ್ಲೋ?"

"ಅಂದಾಜಾಗಿತ್ತು," ಎಂದ ಮಂದಾರ. "ಅಷ್ಟ ಮಂದಿ ಮುಂದ ನಿಮ್ಮ ಪೂಜಿದ ತಪ್ಪಂತ ಹೆಂಗ ಹೇಳ್ಲಿ? ತಪ್ಪು ನಂದೂ ಐತಿ. ಹೊಳಿಗೆ ಉಡಿ ತುಂಬೋ ಊರಾಗ ಕಸ ತಡಿಯೋ ಜಾಳಿಗಿ ಇಲ್ದ ಪಂಪು ಕೂಡಿಸಿದ್ದೆ."

ಮೂಲೆಯಲ್ಲಿ ಹಿತ್ತಾಳೆಯ ಜಾಳಿಗೆ ಸಿದ್ಧವಾಗಿತ್ತು. ಪಕ್ಕದಲ್ಲೇ ಹೊಸ ರಬ್ಬರು. ನೋಡಿದವಳೇ ಅತ್ತುಬಿಟ್ಟಳು. ಹೊಲಸು ಕೈಯಿಂದಲೇ ಕಣ್ಣೊರೆಸಿಕೊಂಡದ್ದೂ ಅವಳಿಗೆ ತಿಳಿಯಲಿಲ್ಲ.

ಎರಡನೆಯ ಪರೀಕ್ಷೆಗೆ ತಹಶೀಲ್ದಾರರು ಮುಖ ಕಿವುಚಿಕೊಂಡೇ ಬಂದರು. ಹೊಳೆ ದಂಡೆ ಮುಟ್ಟಿ ಹರಿಯುತ್ತಿತ್ತು. ಮಂದಾರ ಪಂಪಿಗೆ ಜಾಳಿಗೆ ಕೂರಿಸಿದ್ದ, ಮಧುಮತಿ ಸೆಳವಿಗೆ ಎದುರಾಗಿ ದೋಣಿ ಬಿಟ್ಟಳು. ಕಾವಿನ ಮುಳ್ಳು ಮಿಸುಕಲಿಲ್ಲ. ನಡುಗಡ್ಡೆ ಮುಟ್ಟಿದಾಗ ಕಸ್ತೂರೆವ್ವ ಮಕ್ಕಳ ಕೈಹಿಡಿದು ಮೊಣಕಾಲು ನೀರಿನಲ್ಲಿ ನಿಂತಿದ್ದಳು. ಮಕ್ಕಳನ್ನು ಒಬ್ಬೊಬ್ಬರಾಗಿ ಎತ್ತಿ ಮಧುಮತಿಯ ಕೈಗೆ ಕೊಟ್ಟಳು. ತಹಶೀಲ್ದಾರರು ಸರಿದು ಜಾಗ ಬಿಟ್ಟರು. ಪರವಾನಗಿಯ ಮಾತನ್ನು ಅಲ್ಲೇ, ದೋಣಿಯಲ್ಲೇ ಹೇಳಿದರು.

ಎಲ್ಲರೂ ಇಳಿದು ಹೋದ ಮೇಲೆ ದಂಡೆಯಲ್ಲಿ ಅವಳು, ಮಂದಾರ ಇಬ್ಬರೇ ಉಳಿದರು. ಕೆಸರು, ಕೊಳೆತ ಜಲಸಸ್ಯ, ಪೆಟ್ರೋಲು, ಎಲ್ಲದರ ವಾಸನೆ ಒಟ್ಟಿಗೆ ಬಡಿಯುತ್ತಿತ್ತು. ಅವಳು ಮೂಗು ಮುಚ್ಚಿಕೊಳ್ಳಲಿಲ್ಲ.

"ನನ್ನ ಬಗ್ಗೆ ಮನ್ಯಾಗ ಹೇಳ್ತೀರೇನು?" ಎಂದು ಕೇಳಿದಳು.

"ಮನ್ಯಾಗ ನಮ್ಮ ಆಯಿಗೆ ಹೇಳೇನಿ."

"ಯಾವಾಗ?"

"ನೀವು ದೋಣಿಯಿಂದ ಇಳಿಸಿದ ದಿನ. ಅಷ್ಟ ಬೈಸ್ಕೊಂಡ ಬಂದು ಮತ್ತ ಆಕಿಗೇ ಯಾಕ ಜಾಳಿಗಿ ಮಾಡಾಕತ್ತಿ ಅಂತ ಕೇಳಿದ್ಳು."

"ಏನಂದ್ರಿ ನೀವು?"

ಮಂದಾರ ಹೊಳೆಯನ್ನೇ ನೋಡಿದ. "ನೀರು ಬಂದ್ರ, ಎಂಜಿನ್ ಛಲೋ ಇರಲಿ ಬಿಡಲಿ, ಆಕಿ ಇಳಿದ ಇಳೀತಾಳ ಅಂದೆ."

ಮಧುಮತಿ ಹತ್ತಿರ ಸರಿದಳು. ಅವನ ಗ್ರೀಸು ಮೆತ್ತಿದ ಕೈಯನ್ನು ತನ್ನ ಕೆಸರುಗೈಯಲ್ಲಿ ಹಿಡಿದುಕೊಂಡಳು.

"ಹಂಗಾರ ಇನ್ನ ನೀವೂ ಜೋಡಿ ಇಳೀರಿ," ಎಂದಳು.