ಸೋರಂಗಿನ ಹನ್ನೆರಡನೇ ದಾರಿ

2024ರ ಜುಲೈ 14, ಭಾನುವಾರ, ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ ನಾನು ನಿಶಾಂತನನ್ನು ಸುಳ್ಳುಗಾರ ಎಂದೆ. ಆ ಪದ ಬಳಸಲಿಲ್ಲ. ಒಂದು ಸಂಖ್ಯೆ ಓದಿದೆ, ಅಷ್ಟೆ.

ಮೈಸೂರಿನ ಶ್ರೀರಾಂಪುರದ ನಮ್ಮ ಮನೆಯ ಮಹಡಿಯಲ್ಲಿ ಪರ್ವತಾರೋಹಣ ಸಂಘದ ಸಭೆ. ಹಿಮಾಲಯದ ಎತ್ತರದ ಕಣಿವೆಯೊಂದರಲ್ಲಿ ಸೋರಂಗ್ ಎಂಬ ಹಳ್ಳಿ. ಸಂಘದವರು ಪ್ರತಿ ಬೇಸಿಗೆ ಅಲ್ಲಿಗೆ ಹೋಗುತ್ತಾರೆ. ಹಳ್ಳಿಯ ಸುತ್ತಲಿನ ಶಿಖರಗಳಿಗೆ ಹತ್ತುವ ದಾರಿಗಳನ್ನು ಸೇರಿಸಿ ಕನ್ನಡದಲ್ಲಿ ಒಂದು ಕೈಪಿಡಿ ತರುತ್ತಿದ್ದೆವು. ನಾನು ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದವಳು, ಬಂಡೆ ಹತ್ತಿದ್ದು ಕುಂತಿಬೆಟ್ಟದವರೆಗೆ ಮಾತ್ರ. ಆದ್ದರಿಂದ ನಕ್ಷೆ, ಅಳತೆ, ಸಂಪಾದನೆ ನನ್ನ ಪಾಲಿಗೆ ಬಂದಿದ್ದವು.

ಹನ್ನೊಂದು ದಾರಿಗಳು ಸಿದ್ಧವಾಗಿದ್ದವು. ಹನ್ನೆರಡನೆಯದು ನಿಶಾಂತನದು. ಹಳ್ಳಿಯ ಹಿಂದಿನ ಕಪ್ಪು ಕಲ್ಲುಗೋಡೆಯನ್ನು ಅದುವರೆಗೆ ಯಾರೂ ಹತ್ತಿರಲಿಲ್ಲ. ಕಡಕೊಳದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿರುವ ನಿಶಾಂತ, ರಜೆ ಕೂಡಿಟ್ಟುಕೊಂಡು ಹೋಗಿ, ಅಲ್ಲಿನ ಗೈಡ್ ಒಬ್ಬರ ಜೊತೆ ಕಳೆದ ಮೇ ತಿಂಗಳಲ್ಲಿ ಹತ್ತಿದ್ದ. ಆ ದಾರಿಯನ್ನು ಹಂತ ಹಂತವಾಗಿ, ಪ್ರತಿ ಹಂತಕ್ಕೆ ಹಿಡಿದ ಹಗ್ಗದ ಅಳತೆ ಸಮೇತ, ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದು ನನಗೆ ಕೊಟ್ಟಿದ್ದ.

"ಎರಡನೇ ಹಂತ: ಎಡಕ್ಕೆ ಸರಿಯಿರಿ. ಕೈಗೆ ಸುಲಭವಾಗಿ ಸಿಗುವ ಕಲ್ಲನ್ನು ನಂಬಬೇಡಿ." "ಐದನೇ ಹಂತ: ಇಲ್ಲಿ ಇಬ್ಬರು ಕೂತು ಬೆಲ್ಲ ತಿನ್ನುವಷ್ಟು ಜಾಗವಿದೆ."

ಐದನೇ ಹಂತದ ಆ ಸಾಲನ್ನು ನಾನು ಅಗತ್ಯಕ್ಕಿಂತ ಹೆಚ್ಚು ಸಲ ಓದಿದ್ದೆ.

"ಒಂಬತ್ತು ಹಂತ, ಹಗ್ಗದ ಒಟ್ಟು ಉದ್ದ 236 ಮೀಟರ್," ಎಂದೆ ಸಭೆಯಲ್ಲಿ. "ನಕ್ಷೆ ಪ್ರಕಾರ ಗೋಡೆಯ ಬುಡದಿಂದ ತುದಿಗೆ ಸುಮಾರು 400."

ಕಾರ್ಯದರ್ಶಿ ವಾಗೀಶ ಸರ್ ಕನ್ನಡಕ ತೆಗೆದರು. "ಅಂದ್ರೆ ಅರ್ಧದಿಂದ ವಾಪಸ್ ಬಂದಿದಾನೆ."

"ತುದೀಲಿ ನಿಂತಿದ್ದೆ ಸರ್. ಫೋಟೋ ಇದೆಯಲ್ಲ," ಎಂದ ನಿಶಾಂತ.

"ಅದರಲ್ಲಿರೋದು ಬರೀ ಮಂಜು ಕಣಪ್ಪ. ಚಾಮುಂಡಿಬೆಟ್ಟ ಅಂದ್ರೂ ನಂಬಬಹುದು."

ಎಲ್ಲರೂ ನಕ್ಕರು.

"ಗೈಡ್ ಇದ್ರು ಜೊತೇಲಿ."

"ನಿನ್ನ ಫ್ರೆಂಡು. ಹೂಂ ಅನ್ನದೆ ಇನ್ನೇನಂತಾರೆ?"

ನಿಶಾಂತ ಅವರ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿದ. ಅವನ ಎಡ ಹುಬ್ಬಿನಲ್ಲಿ ಬಂಡೆ ತಾಗಿ ಆದ ಸಣ್ಣ ಗಾಯದ ಗುರುತಿದೆ. ನಕ್ಕರೆ ಅದು ಮೇಲೇರುತ್ತದೆ. ಅಂದು ಅದು ಅಲುಗಲಿಲ್ಲ.

"ನಿಮಗೂ ಹಾಗೇ ಅನ್ಸುತ್ತಾ, ಮೇಡಂ?"

"ನನಗೆ ಅನಿಸೋದು ಮುಖ್ಯ ಅಲ್ಲ. ಲೆಕ್ಕ ಹಾಗೆ ಹೇಳುತ್ತೆ."

"ಸರಿ." ನಾನು ಅವನ ಅಳತೆಗಳನ್ನು ಟೈಪ್ ಮಾಡಿ ತಂದಿದ್ದ ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು, ಮೆಟ್ಟಿಲಿಳಿದು ಹೋದ. ಮುಂದಿನ ಭಾನುವಾರದೊಳಗೆ ಪುರಾವೆ ಸಿಗದಿದ್ದರೆ ಹನ್ನೆರಡನೇ ದಾರಿ ಪುಸ್ತಕದಲ್ಲಿ ಬೇಡ ಎಂದು ತೀರ್ಮಾನವಾಯಿತು.

ಮೂರು ದಿನ ಅವನ ಫೋನ್ ಬರಲಿಲ್ಲ. ನಾನೂ ಮಾಡಲಿಲ್ಲ. ಬುಧವಾರ ಸಂಜೆ ನೋಟ್‌ಬುಕ್ ಹಿಂತಿರುಗಿಸುವ ನೆಪ ಹಿಡಿದು ಹಿನಕಲ್‌ನ ಅವನ ಮನೆಗೆ ಹೋದೆ.

ಅವನ ತಂದೆ ದೇವರಾಜು ಮನೆಯ ಮುಂದೆ ಹಗ್ಗದ ರಾಶಿ ಹಾಕಿಕೊಂಡು ನಿಂತಿದ್ದರು. ಬೋರ್‌ವೆಲ್‌ಗೆ ಪಂಪು ಇಳಿಸುವುದು ಅವರ ಕೆಲಸ. ಎರಡೂ ತೋಳು ಚಾಚಿ ಹಗ್ಗ ಹಿಡಿಯುವುದು, ಬಿಡುವುದು, ಮತ್ತೆ ಚಾಚುವುದು.

"ಹದಿನೇಳ್ ಮಾರು... ಹದಿನೆಂಟ್ ಮಾರು... ಬಾವ್ವ, ಕೂತ್ಕೊ. ಮೊಗ ಇನ್ನೇನ್ ಬತ್ತನೆ. ಹತ್ತೊಂಬತ್ತು..."

ನಾನು ಕೂರಲಿಲ್ಲ. ನೋಟ್‌ಬುಕ್ ತೆರೆದೆ. ಮೊದಲ ಹಂತ: 28. ಸಂಖ್ಯೆಯ ಪಕ್ಕದಲ್ಲಿದ್ದ ಒಂದೇ ಅಕ್ಷರವನ್ನು ಬೆಳಕಿಗೆ ಹಿಡಿದು ನೋಡಿದೆ. ಅದು 'ಮೀ' ಅಲ್ಲ. 'ಮಾ.'

ಒಂಬತ್ತು ಕಡೆಯೂ 'ಮಾ.'

ನಮ್ಮ ಮನೆಯಲ್ಲಿ ನಾಲ್ಕು ತಲೆಮಾರು ಅರಮನೆಯ ಓಲೆಗರಿಗಳನ್ನು ಓದಿದವರು. ಹುಳು ತಿಂದ ಅಕ್ಷರವನ್ನೂ ಬಿಡಿಸಿ ಓದುತ್ತಿದ್ದರು ಎಂದು ಅಮ್ಮ ಹೆಮ್ಮೆಯಿಂದ ಹೇಳುತ್ತಾಳೆ. ನಾನು ನೀಲಿ ಬಾಲ್‌ಪೆನ್ನಿನ ಒಂದು ದೀರ್ಘವನ್ನು ತಪ್ಪಾಗಿ ಓದಿ, ಒಬ್ಬನ ಮರ್ಯಾದೆ ತೆಗೆದಿದ್ದೆ.

"ಒಂದು ಮಾರು ಅಂದ್ರೆ ಆರು ಅಡಿ ಅಲ್ವಾ?" ಎಂದು ದೇವರಾಜು ಅವರನ್ನು ಕೇಳಿದೆ.

"ಅದು ಬುಕ್ನಾಗಿರೋ ಮಾರು ಕಣವ್ವ. ನನ್ ಮಾರು ನಂಗೆ, ಅವುನ್ ಮಾರು ಅವುನ್ಗೆ. ತೋಳು ಎಲ್ರುಗೂ ಒಂದೇ ಉದ್ದ ಇರ್ತದಾ?"

ಗೇಟಿನ ಹತ್ತಿರ ಬೈಕು ನಿಂತಿತು. ಕಾರ್ಖಾನೆಯ ನೀಲಿ ಅಂಗಿಯಲ್ಲಿ ನಿಶಾಂತ ಒಳಗೆ ಬಂದ. ನನ್ನನ್ನು ನೋಡಿದ, ನನ್ನ ಕೈಯಲ್ಲಿ ತೆರೆದಿದ್ದ ಪುಟವನ್ನು ನೋಡಿದ.

"ನಿಮಗೆ ಗೊತ್ತಿತ್ತಾ, ನಾನು ತಪ್ಪು ಓದಿದ್ದು?"

"ಆವತ್ತು ಅಲ್ಲೇ ಗೊತ್ತಾಗ್ಲಿಲ್ಲ. ಮನೆಗೆ ಬಂದು ಹಾಳೆ ಬಿಚ್ಚಿ ನೋಡ್ದಾಗ ಗೊತ್ತಾಯ್ತು."

"ಒಂದು ಫೋನ್ ಮಾಡೋಕೇನಾಗಿತ್ತು?"

"ಹೇಳಿ ನಂಬಿಸ್ಕೊಳೋದು ಬೇಡ ಅನ್ನಿಸ್ತು. ಬೇರೆಯವರಾಗಿದ್ರೆ ಹೇಳ್ತಿದ್ದೆ."

ನೋಟ್‌ಬುಕ್ ಮುಚ್ಚಿದೆ. "ಮನೇಲಿ ಟೇಪ್ ಇದೆಯಾ?" ಎಂದೆ.

ಫಿಟ್ಟರ್ ಮನೆಯಲ್ಲಿ ಟೇಪಿಗೆ ಬರವೇ? ಅವನನ್ನು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿದೆ. ತೋಳು ಚಾಚಿದ. ಬಲಗೈಯ ನಡುಬೆರಳಿನ ತುದಿಗೆ ಟೇಪಿನ ಕೊಕ್ಕೆ ಇಟ್ಟು, ಎದೆಯ ಮುಂದಿನಿಂದ ಎಡಗೈವರೆಗೆ ಎಳೆಯುತ್ತ ಹೋದೆ. ಅಂಗಿಯಿಂದ ಯಂತ್ರದ ಎಣ್ಣೆಯ ವಾಸನೆ ಬರುತ್ತಿತ್ತು. ಅವನ ಬೆರಳ ತುದಿಗಳು ಒರಟಾಗಿದ್ದವು. ಕಲ್ಲು ಅವುಗಳ ಗೆರೆಗಳನ್ನೇ ಸವೆಸಿತ್ತು.

"ಉಸಿರು ಬಿಡಬಹುದಾ ಮೇಡಂ?"

"ಉಸಿರಿಗೂ ತೋಳಿನ ಉದ್ದಕ್ಕೂ ಸಂಬಂಧ ಇಲ್ಲ."

"ನಿಮಗಿಲ್ಲ. ನನಗಿದೆ ಕಣ್ರೀ."

ಹುಬ್ಬಿನ ಗುರುತು ಮೇಲೇರಿತು. ಸಂಖ್ಯೆ ಮರೆತುಹೋಯಿತು. ಮತ್ತೆ ಮೊದಲಿಂದ ಅಳೆದೆ. ನಿಖರತೆಗಾಗಿ ಮೂರನೇ ಸಲವೂ ಅಳೆದೆ.

"ಎಷ್ಟ್ ಸತಿ ಅಳೀತೀಯವ್ವ, ಬಟ್ಟೆ ಹೊಲಿಸ್ತೀಯಾ?" ಎಂದರು ಅಂಗಳದಿಂದ ದೇವರಾಜು.

1.76 ಮೀಟರ್. 236 ಮಾರು ಎಂದರೆ 415 ಮೀಟರ್ ಹಗ್ಗ. ಗೋಡೆಯ ಸರಾಸರಿ ಇಳಿಜಾರು 75 ಡಿಗ್ರಿ ಎಂದು ಅವನೇ ಬರೆದಿದ್ದ. ಅದನ್ನೂ ಹಾಕಿ ಲೆಕ್ಕ ಮಾಡಿದಾಗ ಬಂದ ಎತ್ತರ ನಕ್ಷೆಯ ಎತ್ತರದ ಪಕ್ಕದಲ್ಲೇ ಬಂದು ಕೂತಿತು. ತುದಿ ಮುಟ್ಟದವನ ತೋಳು ಹೀಗೆ ಲೆಕ್ಕಕ್ಕೆ ಒಪ್ಪಲು ಸಾಧ್ಯವೇ ಇರಲಿಲ್ಲ.

ಭಾನುವಾರ ಸಭೆಯಲ್ಲಿ ಎದ್ದು ನಿಂತೆ. ತಲೆ ತಗ್ಗಿಸಲಿಲ್ಲ. "ತಪ್ಪು ನನ್ನದು. ಮಾರನ್ನು ಮೀಟರ್ ಎಂದು ಓದಿದೆ. ನಿಶಾಂತ್ ತುದಿ ಮುಟ್ಟಿದ್ದಾರೆ. ಅವರ ಒಂಬತ್ತು ಅಳತೆಯಲ್ಲಿ ಒಂದೂ ತಪ್ಪಿಲ್ಲ."

ವಾಗೀಶ ಸರ್ ನನ್ನ ಲೆಕ್ಕವನ್ನು ತಾವೂ ಒಮ್ಮೆ ಮಾಡಿ ನೋಡಿದರು. "ಈ ಕಾಲದಲ್ಲೂ ಮಾರಲ್ಲಿ ಅಳೀತಾರೇನಯ್ಯ?"

"ಟೇಪು ಭಾರ ಸರ್. ತೋಳು ಹೆಂಗಿದ್ರೂ ತಗೊಂಡೇ ಹೋಗ್ಬೇಕಲ್ಲ."

ಮತ್ತೆ ಎಲ್ಲರೂ ನಕ್ಕರು. ಈ ಸಲ ಅವನೂ ನಕ್ಕ. ವಾಗೀಶ ಸರ್ ಎದ್ದು ಬಂದು ಅವನ ಕೈ ಹಿಡಿದರು. "ಚಾಮುಂಡಿಬೆಟ್ಟದ ಮಾತು ವಾಪಸ್ ತಗೊಂಡೆ. ದೊಡ್ಡ ಕೆಲಸ ಮಾಡಿದೀಯ ಕಣೋ."

ಎಲ್ಲರೂ ಹೋದ ಮೇಲೆ ಅವನು ಉಳಿದ. ಹೊಸ ದಾರಿಗೆ ಮೊದಲು ಹತ್ತಿದವರೇ ಹೆಸರಿಡುವುದು ರೂಢಿ. ಗೈಡ್ ಅದನ್ನು ಅವನಿಗೇ ಬಿಟ್ಟಿದ್ದರು. ಪೆನ್ನು ಹಿಡಿದು ಕೇಳಿದೆ, "ಹೆಸರು?"

"ವಿಭಾ ಅಂತ ಬರೀರಿ."

ಕಿವಿ ಬಿಸಿಯಾಯಿತು. "ಬರೆಯಲ್ಲ. ನಾನು ಕಾಲಿಡದ ಕಲ್ಲಿಗೆ ನನ್ನ ಹೆಸರು ಬೇಡ."

"ಹಂಗಾದ್ರೆ ಕಾಲಿಡಿ. ಮುಂದಿನ ಮೇ ತಿಂಗಳು. ಹಗ್ಗದ ಇನ್ನೊಂದು ತುದಿ ನಿಮ್ಮದು."

"ಬರೀ ಮೇ ತಿಂಗಳಿಗಾ?"

ಅವನು ನನ್ನನ್ನೇ ನೋಡಿದ. ಬಂಡೆಯ ಮೇಲೆ ಮುಂದಿನ ಹಿಡಿತ ಹುಡುಕುವವನ ಹಾಗೆ, ಅವಸರವಿಲ್ಲದೆ.

"ಎಲ್ಲಾ ಮೇ ತಿಂಗಳೂ."

"ಜೂನ್‌ನಿಂದ ಏಪ್ರಿಲ್‌ವರೆಗೆ?"

"ಅದೂನೂ. ನಿಮ್ಮ ಲೆಕ್ಕದಲ್ಲಿ ಬಿಟ್ಟೋದ್ರೆ ಮತ್ತೆ ಗಲಾಟೆ."

"ಹಾಗಾದರೆ ಆ ಬಹುವಚನ ಬಿಡು," ಎಂದೆ.

"ಬುಟ್ಟೆ," ಎಂದ. "ನೀನೂ ಆವಾಗಿಂದ ಹಿಡ್ಕೊಂಡಿರೋ ಆ ಪೆನ್ ಬುಡು."

ಪೆನ್ನು ಕೆಳಗಿಟ್ಟೆ. ಆ ತೋಳುಗಳ ಉದ್ದ ನನಗೆ ಸೆಂಟಿಮೀಟರ್ ಲೆಕ್ಕದಲ್ಲಿ ಗೊತ್ತಿತ್ತು. ಅವುಗಳ ನಡುವೆ ಇಷ್ಟು ಜಾಗವಿರುವುದು ಗೊತ್ತಿರಲಿಲ್ಲ.

ಕೈಪಿಡಿ ಅಕ್ಟೋಬರ್‌ನಲ್ಲಿ ಅಚ್ಚಾಯಿತು. ಹನ್ನೆರಡನೇ ದಾರಿಯ ಪುಟದಲ್ಲಿ ಹೆಸರಿನ ಜಾಗ ಖಾಲಿಯಿದೆ. ಮೊದಲು ಹತ್ತಿದವರು ಎಂಬಲ್ಲಿ, ಸೋರಂಗಿನ ಗೈಡ್ ಹೆಸರಿನ ಪಕ್ಕದಲ್ಲಿ, ನಿಶಾಂತ್ ದೇವರಾಜು, ಹಿನಕಲ್, ಮೈಸೂರು ಎಂದಿದೆ. ಕರಡನ್ನು ನಾಲ್ಕು ಸಲ ತಿದ್ದಿದೆ, ಒಂದೊಂದು ಅಕ್ಷರಕ್ಕೂ ಬೆರಳಿಟ್ಟು. ಆ ಹೆಸರುಗಳ ಕೆಳಗೆ, ಗೋಡೆಯ ಎತ್ತರ: 401 ಮೀಟರ್.