ಕಣ್ಣು ಮುಚ್ಚುವ ಕುಲಾವಿ

ಬಲು ಹಿಂದೆ, ಕಂಚಿನಕೋಟೆ ಎಂಬ ರಾಜ್ಯದಲ್ಲಿ ಮಕ್ಕಳ ಅಳುವನ್ನೇ ಕುಡಿದು ಬದುಕುವ ಮಾಂತ್ರಿಕನೊಬ್ಬನಿದ್ದ. ಹೆಸರು ಕರಿನಾಲಗೆ. ಅವನು ಊದಿದ ಮುಳ್ಳು ಮಕ್ಕಳ ಕಾಲಿಗೆ ನೆಡುತ್ತಿತ್ತು. ಕೀಳಲು ಹೋದರೆ ಮಗು ಚೀರುತ್ತಿತ್ತು. ಚೀರಿದರೆ ಮುಳ್ಳು ಮೇಲೇರುತ್ತಿತ್ತು. ಎದೆ ಮುಟ್ಟಿತೋ, ಮಗು ಉಳಿಯುತ್ತಿರಲಿಲ್ಲ.

ಅರಮನೆಯ ವೈದ್ಯಶಾಲೆಯ ತುಂಬ ಅಂಥ ಮಕ್ಕಳೇ. ಅವರಲ್ಲಿ ಹೊನ್ನಿಯೂ ಒಬ್ಬಳು. ಅವಳ ಸೋದರಮಾವ ಭರಮ ಒಂದೂರಲ್ಲಿ ನಿಲ್ಲದ ಅಲೆಮಾರಿ. ಸುದ್ದಿ ಕೇಳಿದ್ದೇ ಏಳು ಬೆಟ್ಟ ದಾಟಿ, ಬೆಂಕಿ ಉಗುಳುವ ಹೆಬ್ಬಾವನ್ನು ಲಾಲಿ ಹಾಡಿ ಮಲಗಿಸಿ, ಅದರ ಸುರುಳಿಯೊಳಗಿಂದ ಮಾಯಾ ಕುಲಾವಿ ಎಳೆದು ತಂದ. ಅದನ್ನು ಮಗುವಿನ ಕಣ್ಣು ಮುಚ್ಚುವಂತೆ ತೊಡಿಸಿ ಬೇಕಾದ ಲೋಕದ ಹೆಸರು ಹೇಳಿದರೆ ಸಾಕು, ಆ ಲೋಕವೇ ಮಗುವಿನ ಸುತ್ತ ಎದ್ದು ನಿಲ್ಲುತ್ತಿತ್ತು.

"ಹೂದೋಟ!" ಎಂದ ಭರಮ, ಹೊನ್ನಿಗೆ ಕುಲಾವಿ ತೊಡಿಸಿ. ವೈದ್ಯೆ ಸಾತವ್ವ ಚಿಮಟ ಹಿಡಿದಳು.

"ಅಯ್ಯೋ, ಜೇನುಹುಳ!" ಹೊನ್ನಿ ಚೀರಿದಳು. ಮುಳ್ಳು ಮೊಣಕಾಲಿಗೆ ಬಂತು.

"ಸಮುದ್ರ! ಬಣ್ಣಬಣ್ಣದ ಮೀನು!"

"ಮೂಗಿಗೆ ನೀರು ಹೋಯ್ತು ಮಾವಾ!" ಮುಳ್ಳು ಸೊಂಟಕ್ಕೇರಿತು.

ಭರಮನಿಗೆ ತಲೆ ಕೆಟ್ಟುಹೋಯಿತು. ಈ ಹುಡುಗಿಗಿಂತ ಆ ಹೆಬ್ಬಾವೇ ವಾಸಿ.

"ದೇವಲೋಕ ತೋರಿಸಪ್ಪ, ರಂಭೆ ಕುಣಿಯಲಿ" ಎಂದಳು ಸಾತವ್ವ.

"ರಂಭೆ ಯಾರಿಗೆ ಬೇಕು ಅಜ್ಜಿ? ನಿನಗಾ?" ಎಂದಳು ಹೊನ್ನಿ.

"ಹಾಗಾದ್ರೆ ನಿನಗೇನು ಬೇಕು ನನ್ನವ್ವಾ? ನೀನೇ ಬೊಗಳು!" ಭರಮನ ಕಣ್ಣಲ್ಲಿ ನೀರೇ ಬಂತು.

"ಇಷ್ಟು ಹೊತ್ತು ಯಾರಾದ್ರೂ ಕೇಳಿದ್ರಾ? ಹುಲಿ ಬರಲಿ. ಅದರ ಕಾಲಿಗೆ ಮುಳ್ಳು ಚುಚ್ಚಿರಲಿ. ವೈದ್ಯೆ ನಾನು."

ಕುಲಾವಿಯೊಳಗೆ ಹುಲಿ ಬಂತು, ಗೊಳೋ ಎಂದು ಅಳುತ್ತ. ಹೊನ್ನಿ ಗಾಳಿಯಲ್ಲೇ ಅದರ ಪಂಜ ಹಿಡಿದಳು.

"ಅಲುಗಾಡಬೇಡ! ಇರುವೆ ಕಚ್ಚಿದ ಹಾಗೆ, ಅಷ್ಟೇ. ಇಷ್ಟು ದೊಡ್ಡ ಮೀಸೆ ಇಟ್ಕೊಂಡು ಅಳ್ತೀಯಲ್ಲೋ, ನಾಚಿಕೆ ಆಗಲ್ವಾ?"

ಸಾತವ್ವನ ಮುಖ ಸಣ್ಣಗಾಯಿತು. ದಿನಾ ಅವಳು ಮಕ್ಕಳಿಗೆ ಬೈಯುವ ಮಾತೇ ಅದು. ಭರಮ ಕಣ್ಸನ್ನೆ ಮಾಡಿದ. ಸಾತವ್ವ ಚಿಮಟದಿಂದ ಸರಕ್ಕನೆ ಎಳೆದಳು. ಹೊನ್ನಿ "ಶ್ಶ್!" ಎಂದಳು, ಅದೂ ಹುಲಿಗೆ. ಮುಳ್ಳು ಹೊರಗೆ ಬಿದ್ದಿತ್ತು.

ಅಂದಿನಿಂದ ಕುಲಾವಿ ಹಾಸಿಗೆಯಿಂದ ಹಾಸಿಗೆಗೆ ಹೋಯಿತು. "ನಿನಗೇನು ಬೇಕಪ್ಪಾ ದೊರೆ?" ಎಂದು ಭರಮ ಒಬ್ಬೊಬ್ಬರನ್ನೂ ಕೇಳಿದ. ಒಬ್ಬನಿಗೆ ಆನೆಗೆ ಎಣ್ಣೆಸ್ನಾನ ಮಾಡಿಸಬೇಕಂತೆ. ಇನ್ನೊಬ್ಬಳಿಗೆ ರಾಜನ ಕಿವಿ ಹಿಂಡಬೇಕಂತೆ. ಕೇಳಿ ಕೇಳಿ ಭರಮನಿಗೆ ತಲೆ ಚಿಟ್ಟು ಹಿಡಿಯಿತು. ಆದರೆ ಒಂದು ಮಗುವೂ ಚೀರಲಿಲ್ಲ.

ಕುಡಿಯಲು ಅಳುವಿಲ್ಲದೆ ಕರಿನಾಲಗೆ ಒಣಗಿ ತರಗೆಲೆಯಾಗಿ ಗಾಳಿಗೆ ಹಾರಿಹೋದ. ಆಮೇಲೆ ಕಂಚಿನಕೋಟೆಯ ಮಕ್ಕಳು ಬೆಲ್ಲಕ್ಕೆ ಅತ್ತರು, ಆಟಕ್ಕೆ ಅತ್ತರು, ಮನಸಾರೆ ಅತ್ತರು. ದೊಡ್ಡವರು ಅದನ್ನು ಕೇಳುತ್ತ ಸುಖವಾಗಿ ಬಾಳಿದರು.