ಪ್ಯಾಡಲ್ ಬೋರ್ಡಿಗೆ ಪಾಲಿಶ್

"ಕೈ ತೆಗಿಯೋ! ಮೂತಿ ಕಡೆಯಿಂದ ಶುರು ಮಾಡ್ಬೇಕು ಅಂದೆ!"

"ಬಾಲದ ಕಡೆಯಿಂದ, ಅಣ್ಣ! ನೀರಿಗೆ ಇಳಿಯೋನು ನಾನೋ, ನೀನೋ?"

"ನೀರಿಗೆ ಇಳಿದ್ರೆ ಅಂಟಿಸೋಕೆ ಬಂದುಬಿಡುತ್ತಾ? ಮೀನು ಹುಟ್ಟಿದಾಗಿಂದ ನೀರಲ್ಲೇ ಇದೆ. ಕರೆಸು ಅದನ್ನ, ಅಂಟಿಸಲಿ!"

ಹಾಲ್‌ನಲ್ಲಿ ಎರಡು ಸ್ಟೂಲುಗಳ ಮೇಲೆ ಪ್ಯಾಡಲ್ ಬೋರ್ಡ್ ಮಲಗಿತ್ತು. ಕೆರೆಯಲ್ಲಿ ಅದರ ಮೇಲೆ ನಿಂತು, ಉದ್ದ ಕೋಲಿನ ಹುಟ್ಟು ಹಾಕುತ್ತ ಹೋಗಬಹುದು. ಈಗ ಅದು ಇಡೀ ಹಾಲ್ ನುಂಗಿತ್ತು. ಅದಕ್ಕೆ ಜಾಗ ಬಿಡಲು ಹೋದ ಸೋಫಾ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಿತ್ತು. ಹಾಗಾಗಿ ಅಮ್ಮ ಒಳಗೇ ಕೈದಿ.

"ಮಧ್ಯಾಹ್ನದ ಊಟಕ್ಕಾದ್ರೂ ನನ್ನ ಬಿಡುಗಡೆ ಆಗುತ್ತಾ?" ಎಂದು ಅಮ್ಮ ಸೋಫಾದ ಮೇಲಿಂದ ತಲೆ ಹಾಕಿದರು.

"ಐದೇ ನಿಮಿಷ, ಅತ್ತಿಗೆ!" ಎಂದರು ಚಿಕ್ಕಪ್ಪ. ಬೆಳಗ್ಗೆಯಿಂದ ಅದೇ ಐದು ನಿಮಿಷ ನಡೆಯುತ್ತಿತ್ತು.

ಸೊಳ್ಳೆ ಕತ್ತರಿ ಹಿಡಿದುಕೊಂಡು ನಡುವೆ ನಿಂತಿದ್ದಳು. ಸಣ್ಣಗಿದ್ದಾಳೆ, ಸದಾ ಕಿವಿಯ ಹತ್ತಿರ ಗುಂಯ್ ಅನ್ನುತ್ತಾಳೆ ಎಂದು ಚಿಕ್ಕಪ್ಪನೇ ಇಟ್ಟ ಹೆಸರು ಅದು. ಈ ಗಲಾಟೆಯೆಲ್ಲ ಅವಳಿಗಾಗಿಯೇ. ಕಳೆದ ಭಾನುವಾರ ಬೋರ್ಡಿನ ಮೇಲೆ ಕಾಲು ಜಾರಿ, ಗದ್ದ ಊದಿಸಿಕೊಂಡು ಬಂದಿದ್ದಳು. "ಕಾಲು ಜಾರದ ಹಾಗೆ ಏನಾದ್ರೂ ಮಾಡಿ. ಅಲ್ಲಿವರೆಗೆ ಇವಳು ನೀರಿಗೆ ಇಳಿಯೋ ಹಾಗಿಲ್ಲ" ಎಂದು ಅಮ್ಮ ಅಂದೇ ಹೇಳಿಬಿಟ್ಟಿದ್ದರು.

ನಾಳೆ ಚಿಕ್ಕಪ್ಪನ ಜೊತೆ ಕೆರೆ ದಾಟಬೇಕು. ಆಚೆ ದಡದವರೆಗೂ ನಿಂತುಕೊಂಡೇ ಹೋಗುತ್ತೇನೆ ಎಂದು ಅವಳು ಇಡೀ ಕ್ಲಾಸಿಗೆ ಹೇಳಿ ಆಗಿತ್ತು. ಕ್ಲಾಸಿನ ಅರ್ಧ ಜನ ನೋಡಲು ಬರುವವರಿದ್ದರು. ಉಳಿದರ್ಧ, ಅವಳು ಬೀಳುವುದನ್ನು ನೋಡಲು ಬರುವವರಿದ್ದರು.

ಅದಕ್ಕೇ ಚಿಕ್ಕಪ್ಪ ಗ್ರಿಪ್ ಶೀಟ್ ತಂದಿದ್ದರು. ಸ್ಪಂಜಿನಂಥ ಮೆತ್ತನೆಯ, ತರಿತರಿಯಾದ ಕಪ್ಪು ಹಾಳೆಗಳು. ಹಿಂದಿನ ಕಾಗದ ಸುಲಿದು ಅಂಟಿಸಿದರೆ ಮುಗಿಯಿತು. ಎಷ್ಟು ಸುಲಭ! ಒಬ್ಬರೇ ಮಾಡಿದ್ದರೆ ಯಾವಾಗಲೋ ಮುಗಿದಿರುತ್ತಿತ್ತು. ಆದರೆ ಮಾಡುತ್ತಿದ್ದವರು ಇಬ್ಬರು ಬುದ್ಧಿವಂತರು.

ಅಪ್ಪ ಬಸ್ ಡ್ರೈವರ್. ಮನೆಯೂ ಬಸ್ಸೇ, ತಾವು ತಿರುಗಿಸಿದ ಕಡೆ ಎಲ್ಲರೂ ತಿರುಗಬೇಕು ಎಂದು ಅವರ ಎಣಿಕೆ. ಚಿಕ್ಕಪ್ಪ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾರೆ. ಸೀಟಿ ಊದಿದರೆ ಜಗತ್ತೇ ಸಾಲಾಗಿ ನಿಲ್ಲಬೇಕು ಎಂದು ಅವರ ಎಣಿಕೆ.

ಕೊನೆಗೆ ಅಪ್ಪ ಮೂತಿಯಿಂದ ಶುರು ಮಾಡಿದರು. ಚಿಕ್ಕಪ್ಪ ಬಾಲದಿಂದ ಶುರು ಮಾಡಿದರು. ಯಾರೂ ಗೆರೆ ಹಾಕಲಿಲ್ಲ. ಅಳತೆ ಹಿಡಿಯಲಿಲ್ಲ.

"ಅಪ್ಪಾ, ನಿಮ್ಮದು ಆ ಕಡೆ ಹೋಗ್ತಿದೆ. ಚಿಕ್ಕಪ್ಪಂದು ಈ ಕಡೆ..."

"ಸುಮ್ನಿರೇ!" ಇಬ್ಬರೂ ಒಟ್ಟಿಗೇ ಹೇಳಿದರು. ಆ ದಿನ ಅವರಿಬ್ಬರೂ ಒಪ್ಪಿಕೊಂಡ ಮಾತು ಅದೊಂದೇ.

ಹಾಳೆಗಳು ನಡುವೆ ಬಂದು ಸೇರಲೇ ಇಲ್ಲ. ಒಂದು ಕಿಟಕಿ ಕಡೆ ವಾಲಿತ್ತು, ಇನ್ನೊಂದು ಬಾಗಿಲ ಕಡೆ. ನಡುವೆ ಅಂಗೈಯಗಲದ ಖಾಲಿ. ಕಾಲಿಡಬೇಕಾದ ಜಾಗ ಸರಿಯಾಗಿ ಅದೇ.

"ಆಹಾ! ಎಂಥ ಕೆಲಸ!" ಎಂದರು ಅಪ್ಪ. "ಕಿತ್ತು ತೆಗಿ ನಿಂದು."

"ನಿಂದೇ ಸೊಟ್ಟ. ನೀನು ಕೀಳು."

"ಬಸ್ಸನ್ನ ನೇರ ಓಡಿಸೋನು ಕಣೋ ನಾನು!"

"ಅದಕ್ಕೇನಾ ಬಂಪರ್ ಬಾಗಿರೋದು?"

ಅಪ್ಪನಿಗೆ ಉರಿದುಹೋಯಿತು. ಬಾಗಿ ಚಿಕ್ಕಪ್ಪನ ಹಾಳೆಯ ತುದಿ ಹಿಡಿದು, ಬಲವಾಗಿ ಎಳೆಯಲು ಎರಡೂ ಕಾಲು ಊರಿ ನಿಂತರು.

ಬಲವೇ ಬೇಕಾಗಲಿಲ್ಲ. ಇಡೀ ಹಾಳೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸಲೀಸಾಗಿ ಎದ್ದು ಬಂತು. ಅಪ್ಪ ಹಿಂದಕ್ಕೆ ಹಾರಿ ಸೋಫಾದ ಮೇಲೆ ಕುಕ್ಕರಿಸಿದರು.

ಅವರು ಬೋರ್ಡಿನ ಮೇಲೆ ಬೆರಳಾಡಿಸಿದರು. ಮೂಸಿ ನೋಡಿದರು. "ಇದಕ್ಕೆ ಏನು ಹಚ್ಚಿದೀಯೋ?"

"ಕಾರ್ ಪಾಲಿಶ್" ಎಂದರು ಚಿಕ್ಕಪ್ಪ. "ಕೊಳೆ ಇತ್ತಲ್ಲ... ಎರಡು ದಿನ ಕೂತು ಉಜ್ಜಿದೆ. ಹೊಳೀಲಿ ಅಂತ."

"ಅಂಟಿಸೋಕೆ ಮುಂಚೆ ಪಾಲಿಶ್!" ಅಪ್ಪ ತೊಡೆ ತಟ್ಟಿಕೊಂಡರು. "ಕೇಳಿದ್ಯೇನೇ? ಅಂಟೋದೇ ಬೇಡ ಅಂತ ಮೊದಲೇ ಜಾರೋಕೆ ವ್ಯವಸ್ಥೆ ಮಾಡಿದಾನೆ!"

"ನಿಂಗೆ ಗೊತ್ತಿದ್ರೆ ಮೊದಲೇ ಹೇಳ್ಬೇಕಿತ್ತು" ಎಂದರು ಚಿಕ್ಕಪ್ಪ. "ಹೊಳೀತಿದ್ದದ್ದು ಕಾಣಲಿಲ್ವಾ? ಕನ್ನಡಕ ಬಸ್ಸಲ್ಲೇ ಬಿಟ್ಟು ಬಂದ್ಯಾ?"

ಅಮ್ಮ ನಕ್ಕರು. ಅಪ್ಪನೂ ನಕ್ಕರು. ಚಿಕ್ಕಪ್ಪನೂ ಇನ್ನೇನು ನಗುವುದರಲ್ಲಿದ್ದರು.

ಸೊಳ್ಳೆಗೆ ಮಾತ್ರ ನಗು ಬರಲಿಲ್ಲ. ನಾಳೆಯ ಕೆರೆ, ಆಚೆ ದಡ, ಇಡೀ ಕ್ಲಾಸು ಎಲ್ಲ ಆ ಸಿಪ್ಪೆಯ ಜೊತೆ ಸುಲಿದುಹೋದ ಹಾಗಾಯಿತು. ಸಿಟ್ಟು ನೆತ್ತಿಗೇರಿತು. ಅಪ್ಪ ಸೊಂಟಕ್ಕೆ ಕೈ ಕೊಡುವ ಹಾಗೆಯೇ ಕೈ ಕೊಟ್ಟು, ಅಪ್ಪನ ಧಾಟಿಯಲ್ಲೇ ಅಂದಳು:

"ಚಿಕ್ಕಪ್ಪ, ಮಿಕ್ಕ ಪಾಲಿಶ್ ನಿನ್ನ ತಲೆಗೆ ಹಚ್ಕೋ. ಒಳಗಂತೂ ಏನೂ ಇಲ್ಲ, ಮೇಲಾದ್ರೂ ಹೊಳೀಲಿ!"

ಅಪ್ಪ ಬಿದ್ದು ಬಿದ್ದು ನಕ್ಕರು. "ನನ್ನ ಮಗಳು ಅಂದ್ರೆ!" ಎಂದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಚಿಕ್ಕಪ್ಪ ನಗಲಿಲ್ಲ. ಅಂಟಂಟಾದ ಬೆರಳುಗಳನ್ನು ಬಟ್ಟೆಗೆ ಒರೆಸಿದರು, ಒಂದೊಂದಾಗಿ. ನೆಲದ ಮೇಲೆ ಬಿದ್ದಿದ್ದ ಸುಲಿದ ಕಾಗದವನ್ನೆಲ್ಲ ಆರಿಸಿ, ಮಡಚಿ ಸ್ಟೂಲಿನ ಕೆಳಗಿಟ್ಟರು. ಚಪ್ಪಲಿ ಮೆಟ್ಟಿಕೊಂಡು ಹೊರಟರು.

"ಊಟ ಮಾಡ್ಕೊಂಡು ಹೋಗಪ್ಪಾ!" ಎಂದು ಅಮ್ಮ ಕೂಗಿದರು. ಆದರೆ ಅಮ್ಮ ಸೋಫಾದ ಆಚೆ ಇದ್ದರು. ಸ್ಕೂಟರ್ ಶುರುವಾದ ಸದ್ದು ಕೇಳಿತು.

"ಸಂಜೆ ಬರ್ತಾನೆ ಬಿಡು" ಎಂದರು ಅಪ್ಪ.

ಅಪ್ಪನ ಹಾಳೆಯೂ ಅಷ್ಟೇ ಸಲೀಸಾಗಿ ಎದ್ದು ಬಂತು. ಅದಕ್ಕೆ ಯಾರೂ ನಗಲಿಲ್ಲ. ಅಪ್ಪ, ಸೊಳ್ಳೆ ಇಬ್ಬರೂ ಸೇರಿ ಬೋರ್ಡನ್ನು ಸ್ಪಿರಿಟ್ ಹಾಕಿ ಒರೆಸಿದರು. ಒಂದು ಸಲ ಒರೆಸಿದರೆ ಹೋಗಲಿಲ್ಲ. ಚಿಕ್ಕಪ್ಪ ಒಂದು ಮೂಲೆಯನ್ನೂ ಬಿಟ್ಟಿರಲಿಲ್ಲ. ಹಿಡಿಕೆಯ ಸಂದಿಗೂ ಬೆರಳು ತೂರಿಸಿ ಉಜ್ಜಿದ್ದರು. ಯಾರಿಗೂ ಕಾಣದ ಅಡಿಭಾಗವನ್ನೂ ಉಜ್ಜಿದ್ದರು. ಸೊಳ್ಳೆ ಒರೆಸಿದಷ್ಟೂ ಪಾಲಿಶ್ ಸಿಗುತ್ತಲೇ ಇತ್ತು.

ನಡುವೆ ಪೆನ್ಸಿಲ್ ಗೆರೆ ಹಾಕಿ, ಚಪ್ಪಲಿ ರಿಪೇರಿಗೆ ಬಳಸುವ ಅಂಟು ಹಚ್ಚಿ, ಹಾಳೆಗಳನ್ನು ನೇರವಾಗಿ ಒತ್ತಿದರು. ಚೆನ್ನಾಗಿ ಕೂತವು.

ಸಂಜೆ ಚಿಕ್ಕಪ್ಪ ಬರಲಿಲ್ಲ.

ಬೆಳಗ್ಗೆ ಸೊಳ್ಳೆ ಈಜುಡುಗೆ ತೊಟ್ಟು, ಬೋರ್ಡನ್ನು ನೆಲಕ್ಕೆ ಇಳಿಸಿಕೊಂಡು, ಹಾಲ್‌ನಲ್ಲೇ ಅದರ ಮೇಲೆ ನಿಂತಳು. ಕಾಲು ಸ್ವಲ್ಪವೂ ಜಾರಲಿಲ್ಲ. ಅಪ್ಪ ಫೋನ್ ಮಾಡಿದರು, ಮತ್ತೆ ಮಾಡಿದರು.

"ರಿಂಗ್ ಆಗ್ತಿದೆ, ಎತ್ತಲ್ಲ. ನನ್ನ ಮೇಲೆ ಸಿಟ್ಟು ಅವನಿಗೆ" ಎಂದರು. "ನಾನೇ ಕರ್ಕೊಂಡು ಹೋಗೋಣ ಅಂದ್ರೆ ನಂಗೆ ಈಜು ಬರಲ್ಲ."

ಅಪ್ಪನ ಮಾತಿಗೆಲ್ಲ ಚಿಕ್ಕಪ್ಪನ ಹತ್ತಿರ ತಿರುಗೇಟು ಇತ್ತು. ಬಂಪರ್ ಇತ್ತು, ಕನ್ನಡಕ ಇತ್ತು. ಸೊಳ್ಳೆಗೆ ಅದು ಗೊತ್ತಿತ್ತು. ಅವಳು ಬೋರ್ಡಿನಿಂದ ಕೆಳಗಿಳಿದಳು.

ಪಕ್ಕದ ಮನೆ ಆಂಟಿ ಏಣಿ ಕೇಳಲು ಬಂದರು. ಅಪ್ಪನ ಮುಖ ಅರಳಿತು.

"ನಿನ್ನೆ ನಮ್ಮ ಸೊಳ್ಳೆ ಅವಳ ಚಿಕ್ಕಪ್ಪಂಗೆ ಏನಂದ್ಲು ಗೊತ್ತಾ? ಹೇಳೇ, ಅದೇ ಪಾಲಿಶ್ ಮಾತು! ಆಂಟಿಗೂ ಹೇಳು!"

ಆಂಟಿ ಆಗಲೇ ನಗಲು ತಯಾರಾಗಿ ನಿಂತಿದ್ದರು.

"ಮರೆತುಹೋಯ್ತು" ಎಂದಳು ಸೊಳ್ಳೆ.

ಒಂದು ಅಕ್ಷರವೂ ಮರೆತಿರಲಿಲ್ಲ.